ದಾನದ ಮನೆ, ಹಕ್ಕಿನ ಮನೆ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ಗೆಳೆಯರೆ,

ನಮ್ಮ ಕೇರಿಗೆ ಯಾರಾದರೂ ಮನೆ ಕಟ್ಟಿಸಿಕೊಡ್ತೀವಿ ಅಂತ ಬಂದರೆ ನಮ್ಮ ಅವ್ವ ಅಪ್ಪ ಕೈಮುಗಿದು ನಿಲ್ಲುತ್ತಾರೆ. ಸೋರುವ ಗುಡಿಸಲಲ್ಲಿ ಮಳೆಗಾಲ ಕಳೆದವರು ಅವರು, ಅದು ತಪ್ಪಲ್ಲ. ಆದರೆ ಓದುತ್ತಿರುವ ನಾವು ಸುಮ್ಮನಿರಬಾರದು, ಕೇಳಬೇಕು. ಏನು ಕೇಳಬೇಕು ಅನ್ನೋದಕ್ಕೆ ದೂರದ ಒಂದು ಉದಾಹರಣೆ ನೋಡೋಣ.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 1942ರಲ್ಲಿ ಕ್ಲಾರೆನ್ಸ್ ಜೋರ್ಡಾನ್ ಎಂಬ ಬಿಳಿಯ ಪಾದ್ರಿ ಮತ್ತು ಸಂಗಡಿಗರು ಕೊಯ್ನೋನಿಯಾ ಎಂಬ ತೋಟ ಮಾಡಿದರು. ಅಲ್ಲಿ ಕಪ್ಪು ಜನ, ಬಿಳಿ ಜನ ಒಟ್ಟಿಗೆ ಕೂತು ಉಂಡರು. ಅಷ್ಟಕ್ಕೇ 1950ರ ದಶಕದಲ್ಲಿ ಸುತ್ತಲಿನ ಬಿಳಿಯರು ಬಹಿಷ್ಕಾರ ಹಾಕಿದರು. ವ್ಯಾಪಾರಿಗಳು ಸಾಮಾನು ಕೊಡಲಿಲ್ಲ. ತೋಟದವರ ಅಂಗಡಿಗೆ ಬಾಂಬು ಬಿತ್ತು. ಬಹಿಷ್ಕಾರ ಅಂದರೇನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ನೆಲದಲ್ಲಿ 1968ರಲ್ಲಿ ಜೋರ್ಡಾನ್ ಮತ್ತು ಮಿಲ್ಲರ್ಡ್ ಫುಲ್ಲರ್ ಎಂಬ ವಕೀಲ ಬಡವರಿಗಾಗಿ ಅರ್ಧರ್ಧ ಎಕರೆಯ 42 ನಿವೇಶನ ಗುರುತಿಸಿದರು. ಮನೆ ಪುಕ್ಕಟೆಯಲ್ಲ. ಖರ್ಚಿನಷ್ಟೇ ಬೆಲೆ, ಲಾಭವಿಲ್ಲ, ಬಡ್ಡಿಯಿಲ್ಲ, ವರ್ಷಗಟ್ಟಲೆ ಕಂತು. ಆ ಕಂತಿನ ಹಣದಲ್ಲಿ ಮುಂದಿನವರ ಮನೆ. ಇದರಿಂದಲೇ 1976ರಲ್ಲಿ ಹ್ಯಾಬಿಟ್ಯಾಟ್ ಫಾರ್ ಹ್ಯುಮಾನಿಟಿ ಸಂಸ್ಥೆ ಹುಟ್ಟಿತು. 2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮಹಾರಾಷ್ಟ್ರದ ಲೋನಾವಳದ ಹತ್ತಿರ ಬಂದು ಈ ಸಂಸ್ಥೆಯ ಮನೆ ಕಟ್ಟುವ ಕೆಲಸಕ್ಕೆ ಕೈಹಚ್ಚಿದರು.

ಇದರಲ್ಲಿ ಮೆಚ್ಚುವಂಥದು ಇದೆ. ಮನೆ ಪಡೆದವರು ಭಿಕ್ಷುಕರಲ್ಲ, ಒಡೆಯರು. ಆದರೆ ಕಂತು ಕಟ್ಟಲು ತಿಂಗಳ ಸಂಪಾದನೆ ಬೇಕು. ಕೂಲಿ ಸಿಕ್ಕರೆ ಊಟ, ಇಲ್ಲದಿದ್ದರೆ ಇಲ್ಲ ಅನ್ನುವ ನಮ್ಮವರು ಎಲ್ಲಿಂದ ತರೋದು? ಇನ್ನೊಂದು ಮಾತು: ಅಲ್ಲಿ ಮೊದಲು ನೆಲ ಸಿಕ್ಕಿತು, ಆಮೇಲೆ ಗೋಡೆ ಎದ್ದಿತು. ನೆಲವಿಲ್ಲದವನಿಗೆ ಯಾವ ದಾನಿಯೂ ಗಾಳಿಯಲ್ಲಿ ಮನೆ ಕಟ್ಟಲಾರ.

ನಮ್ಮ ದೇಶದಲ್ಲಿ 1985ರಲ್ಲಿ ಶುರುವಾದ ಇಂದಿರಾ ಆವಾಸ್ ಯೋಜನೆ ಮೊದಮೊದಲು ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಿಡುಗಡೆಯಾದ ಜೀತದಾಳುಗಳಿಗೆ ಮೀಸಲಾಗಿತ್ತು. 2016ರಲ್ಲಿ ಅದರ ಹೆಸರು ಬದಲಾಯಿತು. ಹೆಸರು ಏನೇ ಇರಲಿ, ಅದು ಯಾರ ದಾನವೂ ಅಲ್ಲ, ನಮ್ಮ ಪಾಲು. ದಾನಿ ಮನಸ್ಸು ಬದಲಿಸಿದರೆ ನಾವು ಕೇಳುವಂತಿಲ್ಲ. ಪಾಲು ಕೊಡದಿದ್ದರೆ ಬೀದಿಗಿಳಿದು ಕೇಳಬಹುದು.

ಆದ್ದರಿಂದ ಸರ್ಕಾರ ಕಟ್ಟಲಿ, ಸಂಸ್ಥೆ ಕಟ್ಟಲಿ, ನಾವು ಕೇಳೋದು ಇಷ್ಟು. ಹಕ್ಕುಪತ್ರ ಯಾರ ಹೆಸರಲ್ಲಿದೆ? ಅದರಲ್ಲಿ ಅವ್ವನ ಹೆಸರು ಇದೆಯೋ? ಜಾಗ ಊರೊಳಗೋ, ಮತ್ತೆ ಊರಾಚೆಗೋ? ನೀರು, ದಾರಿ ಉಂಟೋ? ಗೋಡೆಯ ಕಲ್ಲಿನಲ್ಲಿ ದಾನಿಯ ಹೆಸರಿದ್ದು, ಪತ್ರದಲ್ಲಿ ನಮ್ಮ ಹೆಸರಿಲ್ಲದಿದ್ದರೆ ಅದು ನಮ್ಮ ಮನೆಯಲ್ಲ.

ರಜೆಗೆ ಊರಿಗೆ ಹೋದಾಗ ಕೇರಿಯ ಹಕ್ಕುಪತ್ರಗಳನ್ನು ಒಂದೊಂದಾಗಿ ಓದಿ ಹೇಳೋಣ. ಪತ್ರವಿಲ್ಲದವರ ಪಟ್ಟಿ ಮಾಡೋಣ. ಅರ್ಜಿ ಬರೆದು ತಾಲ್ಲೂಕು ಕಚೇರಿಗೆ ಎಲ್ಲರೂ ಒಟ್ಟಿಗೆ ಹೋಗೋಣ.

ಜೈಭೀಮ್.