ಎರಡು ಚುಕ್ಕೆಗಳ ಭೂಪಟ



ಒಂದು ಜೀರುಂಡೆಯ ನೆಲೆಗಳನ್ನು ಗುರುತಿಸುವ ಭೂಪಟದಲ್ಲಿ ಇರುವುದು ಎರಡೇ ಚುಕ್ಕೆಗಳು. ಎರಡೂ ಅರ್ಜೆಂಟೀನಾದವು. ದಕ್ಷಿಣದ ಚುಕ್ಕೆ ಬಹಿಯಾ ಬ್ಲಾಂಕಾ ಎಂಬ ಕಡಲಂಚಿನ ಊರು. ಉತ್ತರದ್ದು ಕೋರ್ದೊಬಾ ಪ್ರಾಂತ್ಯದ ರಿಯೋ ಕ್ವಾರ್ಟೊ. ನಡುವೆ 600 ಕಿಲೋಮೀಟರಿಗೂ ಹೆಚ್ಚು ಹಬ್ಬಿದ ಬಯಲು. ಈ ಚುಕ್ಕೆಗಳಿಗೆ ಆಧಾರವಾದ ಎರಡು ಕೀಟಗಳು ಮಾತ್ರ ಅರ್ಜೆಂಟೀನಾದಲ್ಲಿಲ್ಲ. ಒಂದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ, ಇನ್ನೊಂದು ಬರ್ಲಿನ್ನಿನ ನಿಸರ್ಗ ಸಂಗ್ರಹಾಲಯದಲ್ಲಿದೆ.

ಆ ಜೀರುಂಡೆಯ ಹೆಸರು ಡಾರ್ವಿನಿಲಸ್ ಸೆಡಾರಿಸಿ. ಇದು ಸ್ಟ್ಯಾಫಿಲಿನಿಡೆ, ಅಂದರೆ ರೋವ್ ಜೀರುಂಡೆಗಳ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದಲ್ಲಿ ಇದುವರೆಗೆ 60,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ. ಇವುಗಳ ಗಡಸು ಮೇಲ್ರೆಕ್ಕೆಗಳು ಬಹಳ ಗಿಡ್ಡ. ಉಳಿದ ಜೀರುಂಡೆಗಳಂತೆ ಅವು ಬೆನ್ನನ್ನು ಪೂರ್ತಿ ಮುಚ್ಚುವುದಿಲ್ಲ. ಹೊಟ್ಟೆಯ ಭಾಗ ಬಯಲಿಗೆ ಬಿದ್ದಿರುತ್ತದೆ. ಡಾರ್ವಿನಿಲಸ್‌ನ ತಲೆ ಹಸಿರು ನೀಲಿ ಬೆರೆತು ಲೋಹದಂತೆ ಹೊಳೆಯುತ್ತದೆ.

ಬಹಿಯಾ ಬ್ಲಾಂಕಾದಲ್ಲಿ ಅದನ್ನು ಹಿಡಿದವನು ಚಾರ್ಲ್ಸ್ ಡಾರ್ವಿನ್, 1832ರಲ್ಲಿ, ಬೀಗಲ್ ಹಡಗಿನ ಯಾನದ ವೇಳೆ. ಕೀಟ ಇಂಗ್ಲೆಂಡಿಗೆ ಹೋಯಿತು. ಆದರೆ ಸುಮಾರು 180 ವರ್ಷ ಅದಕ್ಕೆ ಹೆಸರಿರಲಿಲ್ಲ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಚಾಟನೂಗಾ ಶಾಖೆಯ ಕೀಟಶಾಸ್ತ್ರಜ್ಞ ಸ್ಟೈಲಿಯಾನೋಸ್ ಚಾಟ್ಜಿಮನೋಲಿಸ್ ಲಂಡನ್ನಿನಿಂದ ಎರವಲು ತರಿಸಿಕೊಂಡ ಮಾದರಿಗಳಲ್ಲಿ ಅದು ಕಣ್ಣಿಗೆ ಬಿತ್ತು. ಪರಿಚಿತ ಕುಲಗಳ ಲಕ್ಷಣಗಳೊಂದಿಗೆ ಹೋಲಿಸಿದಾಗ ಇದು ಯಾವುದರಲ್ಲಿಯೂ ಕೂಡಲಿಲ್ಲ. ಹೊಸ ಪ್ರಭೇದಕ್ಕಷ್ಟೇ ಅಲ್ಲ, ಹೊಸ ಕುಲಕ್ಕೇ ಹೆಸರಿಡಬೇಕಾಯಿತು. ಝೂಕೀಸ್ ಪತ್ರಿಕೆಯಲ್ಲಿ ಆ ವಿವರಣೆ ಪ್ರಕಟವಾದದ್ದು 2014ರ ಫೆಬ್ರವರಿ 12ರಂದು, ಡಾರ್ವಿನ್ನನ ಹುಟ್ಟುಹಬ್ಬದಂದು. ಹೆಸರಿನ ಎರಡನೆಯ ಭಾಗ ಲೇಖಕ ಡೇವಿಡ್ ಸೆಡಾರಿಸ್‌ಗೆ ಸಂದ ಗೌರವ. ಪ್ರಯೋಗಾಲಯದಲ್ಲಿ ಕೀಟಗಳನ್ನು ಸಿದ್ಧಪಡಿಸುವ ದೀರ್ಘ ಹೊತ್ತುಗಳಲ್ಲಿ ವಿಜ್ಞಾನಿ ಕೇಳುತ್ತಿದ್ದದ್ದು ಆತನ ಧ್ವನಿಪುಸ್ತಕಗಳನ್ನು.

ಇಲ್ಲಿಯವರೆಗಿನ ಕಥೆ ಸೊಗಸಾಗಿದೆ. ಪತ್ರಿಕೆಗಳು ಬರೆದದ್ದೂ ಇದನ್ನೇ. ಆದರೆ ಭೂಪಟ ಹೇಳುವ ಕಥೆ ಬೇರೆ.

ಪ್ರಭೇದವೊಂದರ ಹರವನ್ನು ತೋರಿಸುವ ಭೂಪಟವು ಜೀವಿ ಎಲ್ಲೆಲ್ಲಿ ಬದುಕಿತ್ತೆಂಬುದನ್ನು ನೇರವಾಗಿ ಹೇಳುವುದಿಲ್ಲ. ಸೂಜಿ ಮತ್ತು ಡಬ್ಬಿ ಹಿಡಿದ ಮನುಷ್ಯ ಎಲ್ಲೆಲ್ಲಿಗೆ ಹೋಗಬಲ್ಲವನಾಗಿದ್ದ ಎಂಬುದನ್ನು ಅದು ಮೊದಲು ಹೇಳುತ್ತದೆ. ಬಹಿಯಾ ಬ್ಲಾಂಕಾ 1828ರಲ್ಲಿ ಕೋಟೆಯಾಗಿ ಹುಟ್ಟಿದ ಊರು, ಮೂಲನಿವಾಸಿಗಳ ನೆಲದ ಅಂಚಿನಲ್ಲಿ ಊರಿದ ಸೇನಾ ನೆಲೆ. ಜೀರುಂಡೆ ಸಿಕ್ಕ ಮರುವರ್ಷ, 1833ರಲ್ಲಿ, ಡಾರ್ವಿನ್ ಜನರಲ್ ಹುವಾನ್ ಮಾನುವೆಲ್ ದೆ ರೋಸಾಸ್‌ನನ್ನು ಕಂಡ. ರೋಸಾಸ್ ಆಗ ಮೂಲನಿವಾಸಿಗಳ ವಿರುದ್ಧ ದಂಡಯಾತ್ರೆಯಲ್ಲಿದ್ದ. ಡಾರ್ವಿನ್ನನಿಗೆ ರಹದಾರಿಯನ್ನೂ ಸರ್ಕಾರಿ ಕುದುರೆಗಳನ್ನು ಬಳಸುವ ಅಪ್ಪಣೆಯನ್ನೂ ಕೊಟ್ಟವನು ಅವನೇ. ಹೆಂಗಸರನ್ನೂ ಬಿಡದ ಆ ಕಗ್ಗೊಲೆಯ ಬಗ್ಗೆ ಡಾರ್ವಿನ್ ತನ್ನ ಪ್ರವಾಸಕಥನದಲ್ಲಿ ದಿಗಿಲಿನಿಂದ ಬರೆದ. ಆದರೂ ಅವನು ಸಾಗಿದ್ದು ಆ ಸೇನೆ ತೆರೆದ ದಾರಿಯಲ್ಲಿ. ಅರ್ಧ ಶತಮಾನದ ನಂತರ ಜೂಲಿಯೋ ರೋಕಾ ನಡೆಸಿದ ದಂಡಯಾತ್ರೆಗೆ ಸರ್ಕಾರ ಇಟ್ಟ ಹೆಸರು 'ಮರುಭೂಮಿಯ ವಿಜಯ'. ಜನರಿದ್ದ ಬಯಲನ್ನು ಮೊದಲು ಮಾತಿನಲ್ಲಿ ಬರಿದು ಮಾಡಿ, ಆಮೇಲೆ ಬಂದೂಕಿನಿಂದ ಬರಿದು ಮಾಡಲಾಯಿತು. ಆ ನೆಲದ ಮೇಲೆ ದೊಡ್ಡ ಜಮೀನುಗಳು ಹರಡಿಕೊಂಡವು.

ಬರ್ಲಿನ್ನಿನ ಮಾದರಿ ಸಿಕ್ಕದ್ದು 1935ಕ್ಕೂ ಮುಂಚೆ. ಅಲ್ಲಿಂದೀಚೆಗಿನ ಮಾದರಿಯೊಂದೂ ಹೆಸರಿಟ್ಟ ವಿಜ್ಞಾನಿಗೆ ದೊರೆಯಲಿಲ್ಲ. ಎರಡು ಚುಕ್ಕೆಗಳ ನಡುವಿನ ನೆಲದ ಬಹುಭಾಗ ಇಂದು ಉಳುಮೆಗೆ ಒಳಪಟ್ಟಿದೆ. ಪ್ರಭೇದ ಅಳಿದಿದೆಯೆಂದು ಖಚಿತವಾಗಿ ಹೇಳಲಾಗದು. ಸಿಕ್ಕಿಲ್ಲವೆಂಬುದು ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಆದರೆ ಇಷ್ಟಂತೂ ನಿಜ: ಹೆಸರಿಲ್ಲದ ಜೀವಿಯನ್ನು ಯಾವ ಸಂರಕ್ಷಣಾ ಪಟ್ಟಿಯೂ ಎಣಿಸುವುದಿಲ್ಲ. ಹೆಸರು ಪೆಟ್ಟಿಗೆಯಲ್ಲಿ ಕಾಯುತ್ತಿದ್ದ ಕಾಲದಲ್ಲಿ ನೆಲ ಕಾಯಲಿಲ್ಲ.

ಇದು ದೂರದ ದೇಶದ ಸಂಗತಿಯಷ್ಟೇ ಅಲ್ಲ. ಡಾರ್ವಿನ್ನನ ಜೀರುಂಡೆಯಿರುವ ಸಂಗ್ರಹಾಲಯದಲ್ಲಿಯೇ ಮಾಲ್ಕಂ ಕ್ಯಾಮರಾನ್‌ನ ಸಂಗ್ರಹವೂ ಇದೆ. ಬ್ರಿಟಿಷ್ ಭಾರತದ ರೋವ್ ಜೀರುಂಡೆಗಳ ಕುರಿತು 1930ರಿಂದ 1939ರವರೆಗೆ ಸಂಪುಟಗಳನ್ನು ಪ್ರಕಟಿಸಿದವನು ಅವನು. ಅವನು ಹೆಸರಿಟ್ಟ ನೀಲಗಿರಿಯ ಜೀರುಂಡೆಯೊಂದನ್ನು ಮರುಪರಿಶೀಲಿಸಬೇಕೆಂದರೆ ಮೂಲ ಮಾದರಿಯನ್ನೇ ನೋಡಬೇಕು. ಬರಿಯ ವರ್ಣನೆ ಸಾಲದು. ದಕ್ಷಿಣ ಭಾರತದ ವಿದ್ಯಾರ್ಥಿನಿಗೆ ತನ್ನ ಬೆಟ್ಟದ ಕೀಟದ ಸಾಕ್ಷ್ಯ ವೀಸಾದ ಆಚೆಗಿದೆ. ಭಾರತದ 2002ರ ಜೈವಿಕ ವೈವಿಧ್ಯ ಕಾಯ್ದೆ ಹೊಸದಾಗಿ ಕಂಡುಹಿಡಿದ ಜೀವಿಗಳ ಮಾದರಿಯನ್ನು ದೇಶದ ಗೊತ್ತುಪಡಿಸಿದ ಸಂಸ್ಥೆಗಳಲ್ಲಿ ಇಡಬೇಕೆಂದು ವಿಧಿಸುತ್ತದೆ. ಅದು ನಾಳೆಗೆ ಸಲ್ಲುವ ನ್ಯಾಯ. ನಿನ್ನೆಯ ಪೆಟ್ಟಿಗೆಗಳು ಮಾತ್ರ ಇದ್ದಲ್ಲಿಯೇ ಇವೆ.

ಸಂಗ್ರಹಾಲಯಗಳನ್ನು ಬೈದು ಎದ್ದುಹೋಗುವುದು ಸುಲಭ. ಲಂಡನ್ ಕಾಪಾಡದಿದ್ದರೆ ಡಾರ್ವಿನಿಲಸ್‌ಗೆ ಹೆಸರೇ ಸಿಗುತ್ತಿರಲಿಲ್ಲ ಎಂಬ ವಾದದಲ್ಲಿ ಸತ್ಯವಿದೆ. ಆದರೆ ಕಾಪಾಡುವುದು ಒಂದು ಹೊಣೆ, ಹಂಚುವುದು ಇನ್ನೊಂದು. ಮೂಲ ಮಾದರಿಗಳ ಸ್ಪಷ್ಟ ಚಿತ್ರಗಳು, ದಾಖಲೆಗಳು, ಎರವಲಿನ ಹಕ್ಕು, ಅವು ಬಂದ ನಾಡಿನಲ್ಲಿ ವರ್ಗೀಕರಣ ಕಲಿಸುವ ಹುದ್ದೆಗಳು: ಇವಿಲ್ಲದೆ ಹಂಚಿಕೆಯ ಮಾತು ಪೊಳ್ಳು. ಝೂಕೀಸ್ ಎಲ್ಲರಿಗೂ ಉಚಿತವಾಗಿ ತೆರೆದಿರುವ ಪತ್ರಿಕೆ. ರಿಯೋ ಕ್ವಾರ್ಟೊದ ಓದುಗನೂ ಆ ವಿವರಣೆಯನ್ನು ಓದಬಲ್ಲ. ಅದು ಚಿಕ್ಕದಾದರೂ ಸರಿಯಾದ ಹೆಜ್ಜೆ.

ಆ ಓದುಗ ಊರಾಚೆಯ ಹೊಲದಂಚಿನಲ್ಲಿ ಒಂದು ದಿನ ಕಲ್ಲನ್ನೆತ್ತಿ ನೋಡಬಹುದು. ಹಸಿರು ನೀಲಿಯ ತಲೆಯೊಂದು ಹೊಳೆಯಲೂಬಹುದು. ಆಗ ಭೂಪಟದಲ್ಲಿ ಮೂರನೆಯ ಚುಕ್ಕೆ ಮೂಡುತ್ತದೆ. ಆ ಮೂರನೆಯ ಮಾದರಿಯಾದರೂ ತನ್ನ ನಾಡಿನಲ್ಲಿಯೇ ಉಳಿಯಲಿ.