ಕುದುರೆ ಕೊಳ್ಳುವ ಮೊದಲು ಕಾಗದ ಕೇಳಿರಿ



ಈ ದಿನ ನಾನು ತಮ್ಮ ಮುಂದೆ ಜೋಳದ ಮಾತನ್ನಾಗಲಿ ಹತ್ತಿಯ ಮಾತನ್ನಾಗಲಿ ತಂದಿಲ್ಲ. ಕುದುರೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. "ಇದೇನ್ರೀ, ಕೃಷಿ ಖಾತೆಯವರು ಕುದುರಿ ಮಾತು ತೆಗೆದ್ರು! ನಮ್ಮೂರಾಗ ಕುದುರಿ ಎಲ್ಲಿ ಅದಾವ?" ಎಂದು ತಾವು ಕೇಳಬಹುದು. ಸ್ವಲ್ಪ ಯೋಚನೆ ಮಾಡಿ ನೋಡಿರಿ. ಮಾನ್ವಿಯ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ ಗೊಬ್ಬರಕ್ಕಾಗಿ ನಿಮ್ಮ ಗದ್ದೆಯಲ್ಲಿ ಕುರಿ ತರುಬಿಸುತ್ತೀರಿ. ಆ ಹಿಂಡಿನ ಸಂಗಡ ಗುಡಾರ, ಗಡಿಗೆ, ಎಳೆಮರಿಗಳನ್ನು ಹೇರಿಕೊಂಡು ಬರುವ ಪ್ರಾಣಿ ಯಾವುದು? ದೇವದುರ್ಗದ ಮದುವೆಯಲ್ಲಿ ಮದುಮಗನನ್ನು ಹೊತ್ತು ಮೆರೆಸುವ ಪ್ರಾಣಿ ಯಾವುದು? ಇನ್ನು ಬಟ್ಟೆ, ಮಣ್ಣು, ಇಟ್ಟಂಗಿ ಹೊರುವ ಕತ್ತೆಗಳೂ ಇವೆ. ಕುದುರೆ, ಕತ್ತೆ, ಹೇಸರಗತ್ತೆ ಈ ಮೂರೂ ಒಂದೇ ಬಳಗ. ಒಂದರ ಜಡ್ಡು ಇನ್ನೊಂದಕ್ಕೆ ಹತ್ತುತ್ತದೆ.

ಇವುಗಳ ಸಂಖ್ಯೆ ಇಳಿಯುತ್ತಿರುವುದು ನಿಜ. ನಮ್ಮ ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಸುಮಾರು 6 ಲಕ್ಷ 25 ಸಾವಿರ ಇದ್ದ ಕುದುರೆ, ತಟ್ಟುಗಳು 2019ರ ಗಣತಿಗೆ ಸುಮಾರು 3 ಲಕ್ಷ 40 ಸಾವಿರಕ್ಕೆ ಬಂದವು. ಊರಲ್ಲೇ ಮರಿ ಹುಟ್ಟುವುದು ಕಡಿಮೆಯಾದರೆ ಬೇಕಾದವರು ದೂರದ ಸಂತೆಗೆ ಹೋಗಿ ತರಬೇಕು. ದೂರದಿಂದ ಬಂದ ಪ್ರಾಣಿ ದೂರದ ಜಡ್ಡನ್ನೂ ತರಬಹುದು. ಇದೇ ಇವತ್ತಿನ ನನ್ನ ಮಾತಿನ ಸಾರ.

ಹೊರಗಿನಿಂದ ಕುದುರೆ ತರಿಸುವುದು ನಮ್ಮ ಸೀಮೆಗೆ ಹೊಸದಲ್ಲ. ವಿಜಯನಗರದ ಅರಸರು ಅರಬ್ಬೀ ಕುದುರೆಗಳನ್ನು ಹಡಗಿನ ಮೇಲೆ ಭಟ್ಕಳ, ಗೋವೆಯ ರೇವಿಗೆ ತರಿಸುತ್ತಿದ್ದರು. ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಆ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ನಮ್ಮ ರಾಯಚೂರು ಕೋಟೆಯ ದೊಡ್ಡ ಯುದ್ಧಕ್ಕೂ ಕುದುರೆಯೇ ನೆವವಾಯಿತೆಂದು ಅವನ ಬರಹದಿಂದ ತಿಳಿಯುತ್ತದೆ. ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಕೃಷ್ಣದೇವರಾಯ ಒಬ್ಬ ವ್ಯಾಪಾರಿಯ ಕೈಗೆ 40,000 ಪರ್ದಾವ್ ಎಂಬ ಚಿನ್ನದ ನಾಣ್ಯ ಕೊಟ್ಟು ಕಳಿಸಿದ. ಆತ ಹಣದೊಡನೆ ಬಿಜಾಪುರದ ಆದಿಲಶಾಹನ ಆಶ್ರಯ ಹಿಡಿದ. ಆದಿಲಶಾಹ ಅವನನ್ನು ಒಪ್ಪಿಸಲಿಲ್ಲ. ರಾಯನಿಗೆ ರಾಯಚೂರಿನ ಮೇಲೆ ಮೊದಲೇ ಕಣ್ಣಿತ್ತು. 1520ರಲ್ಲಿ ದಂಡು ಬಂತು, ಕೋಟೆ ಬಿತ್ತು.

ಅದೇ ನೂನಿಜ್ ಇನ್ನೊಂದು ಸಂಗತಿ ಹೇಳುತ್ತಾನೆ. ಕೃಷ್ಣದೇವರಾಯನಿಗಿಂತ ಮೊದಲು ಆಳಿದ ಸಾಳುವ ನರಸಿಂಹ, ಸಮುದ್ರದಲ್ಲಿ ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಹಣ ಸಿಗುತ್ತಿತ್ತು. ಕುದುರೆ ಏಕೆ ಸತ್ತಿತು, ಅದಕ್ಕೇನು ರೋಗವಿತ್ತು ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ಅರಸನ ಬೊಕ್ಕಸ ದೊಡ್ಡದು, ನಷ್ಟ ತಡೆದುಕೊಂಡಿತು. ನಮ್ಮ ನಿಮ್ಮ ಬೊಕ್ಕಸ ಎಷ್ಟು ದೊಡ್ಡದೆಂದು ನಮಗೇ ಗೊತ್ತು. ಆದ್ದರಿಂದ ನಾವು ಬಾಲ ನೋಡಿ ಹಣ ಕೊಡುವಂತಿಲ್ಲ, ಕಾಗದ ನೋಡಿ ಕೊಡಬೇಕು.

ಕಾಗದದ ಪದ್ಧತಿ ಜಗತ್ತಿಗೆ ಬಂದದ್ದು ಪೆಟ್ಟು ತಿಂದ ಮೇಲೆ. 1920ರಲ್ಲಿ ನಮ್ಮ ದೇಶದ ಕಡೆಯಿಂದ ಬ್ರೆಜಿಲಿಗೆ ಹೊರಟಿದ್ದ ದನಗಳು ಬೆಲ್ಜಿಯಂ ದೇಶದ ಆಂಟ್ವರ್ಪ್ ರೇವಿನಲ್ಲಿ ಇಳಿದವು. ಅವುಗಳಿಂದ ದನದ ದೊಡ್ಡರೋಗ ಆ ದೇಶಕ್ಕೆ ಹೊಕ್ಕಿತು. ಆಗ ದೇಶಗಳೆಲ್ಲ ಎಚ್ಚೆತ್ತವು. 1924ರಲ್ಲಿ 28 ದೇಶಗಳು ಸೇರಿ ಪ್ಯಾರಿಸ್ಸಿನಲ್ಲಿ ಪಶು ಆರೋಗ್ಯಕ್ಕಾಗಿ ಒಂದು ಸಂಸ್ಥೆ ಕಟ್ಟಿದವು. ಒಂದು ದೇಶದ ಪ್ರಾಣಿ ಇನ್ನೊಂದು ದೇಶಕ್ಕೆ ಹೋಗಬೇಕಾದರೆ ಯಾವ ಪರೀಕ್ಷೆ, ಯಾವ ಪ್ರಮಾಣಪತ್ರ ಬೇಕೆಂಬ ನಿಯಮಗಳಿಗೆ ಇಂದಿಗೂ ಅದೇ ಆಧಾರ.

ನಮ್ಮ ದೇಶಕ್ಕೂ ಇಂಥ ಪೆಟ್ಟು ಬಿದ್ದಿದೆ. ಆಫ್ರಿಕಾದ ಕುದುರೆ ಬೇನೆಯೆಂಬ ರೋಗ 1960ರಲ್ಲಿ ಪಶ್ಚಿಮದ ದೇಶಗಳನ್ನು ದಾಟಿ ಇಲ್ಲಿಗೆ ಬಂತು. ಸೊಳ್ಳೆಗಿಂತಲೂ ಸಣ್ಣದಾದ ನೊರಜು ಅದನ್ನು ಹರಡುತ್ತದೆ. ಆ ಎರಡು ಮೂರು ವರ್ಷಗಳಲ್ಲಿ ಈ ದೇಶಗಳೆಲ್ಲ ಸೇರಿ 3 ಲಕ್ಷಕ್ಕೂ ಹೆಚ್ಚು ಕುದುರೆ, ಕತ್ತೆ, ಹೇಸರಗತ್ತೆಗಳು ಸತ್ತವು. 1963ರಿಂದೀಚೆಗೆ ಅದು ಭಾರತದಲ್ಲಿ ಕಾಣಿಸಿಲ್ಲ. ಆದರೆ 2020ರಲ್ಲಿ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡು 500ಕ್ಕೂ ಹೆಚ್ಚು ಕುದುರೆಗಳನ್ನು ಕೊಂದಿತು. ಬೇಲಿ ಸಡಿಲಾದರೆ ಕಳ್ಳದನ ನುಗ್ಗಲು ಎಷ್ಟು ಹೊತ್ತು?

ಆ ಬೇಲಿ ಎಂಥದು ಎಂದು ನೋಡೋಣ. ಹೊರದೇಶದಿಂದ ಕುದುರೆ ತರಿಸುವವರು ಆ ದೇಶದ ಸರಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ತರಬೇಕು. ಹೊರಡುವ ಮೊದಲು ಕುದುರೆಯನ್ನು ಬೇರೆ ಇಟ್ಟು ರಕ್ತ ಪರೀಕ್ಷೆ ಮಾಡಿಸಿರಬೇಕು. ಪಶು ನಿಗಾ ಕೇಂದ್ರವಿರುವ ಗೊತ್ತಾದ ಬಂದರು, ವಿಮಾನ ನಿಲ್ದಾಣಗಳಲ್ಲಿ ಮಾತ್ರ ಇಳಿಸಬೇಕು. ಇಳಿದ ಮೇಲೂ ಪ್ರತ್ಯೇಕವಿಟ್ಟು ಮತ್ತೊಮ್ಮೆ ನೋಡುತ್ತಾರೆ. ಇದಕ್ಕೆಲ್ಲ 1898ರಷ್ಟು ಹಳೆಯದಾದ ಜಾನುವಾರು ಆಮದು ಕಾಯಿದೆಯೇ ಬುನಾದಿ. 2001ರಲ್ಲಿ ಅದನ್ನು ತಿದ್ದಿದರು.

ಹೊರಗೆ ಕಳಿಸುವಾಗ ಇದೇ ನಿಯಮ ನಮ್ಮನ್ನು ಬಿಗಿಯುತ್ತದೆ. ನಮ್ಮಲ್ಲಿ ಕೆಲವು ಕುದುರೆ ರೋಗಗಳು ಇನ್ನೂ ಇರುವುದರಿಂದ ಪರದೇಶದವರು ನಮ್ಮ ಕುದುರೆಯನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. 2023ರ ಏಷ್ಯನ್ ಕ್ರೀಡೆಗಳಲ್ಲಿ ಕುದುರೆ ಸವಾರಿಯಲ್ಲಿ ಚಿನ್ನ ಗೆದ್ದ ನಮ್ಮ ತಂಡದವರು ಯುರೋಪಿನಲ್ಲಿ ಇದ್ದು ಅಲ್ಲಿನ ಲಾಯಗಳ ಕುದುರೆಗಳ ಮೇಲೆ ತಯಾರಾದವರು. 2025ರ ಜುಲೈಯಲ್ಲಿ ಮೀರತ್ತಿನ ಸೈನ್ಯದ ಅಶ್ವ ಕೇಂದ್ರವೊಂದಕ್ಕೆ ರೋಗಮುಕ್ತ ಆವರಣವೆಂಬ ಜಾಗತಿಕ ಮನ್ನಣೆ ಸಿಕ್ಕಿತು. ದೇಶಕ್ಕೆ ಅದೇ ಮೊದಲನೆಯದು. ಒಂದು ಆವರಣದ ಹೆಸರು ಗಳಿಸಲು ಇಷ್ಟು ಕಷ್ಟವಾದರೆ, ಒಂದು ಜಿಲ್ಲೆಯ ಹೆಸರು ಕೆಡಲು ಒಂದೇ ಜಡ್ಡಿನ ಕುದುರೆ ಸಾಕು.

ಇನ್ನು ನಮ್ಮ ಊರ ಸೀಮೆಗೆ ಬರೋಣ. ನಮ್ಮವರು ಕುದುರೆಗಾಗಿ ಹಡಗಿನ ದಾರಿ ನೋಡುವುದಿಲ್ಲ. ನಾಂದೇಡ ಜಿಲ್ಲೆಯ ಮಾಳೇಗಾಂವ ಖಂಡೋಬಾನ ಜಾತ್ರೆಯಂಥ ಕಡೆ ಹೋಗಿ ಚೌಕಾಸಿ ಮಾಡಿ ಹಿಡಿದು ತರುತ್ತಾರೆ. ಅಲ್ಲಿ ನಾಲ್ಕೂ ದಿಕ್ಕಿನ ಪ್ರಾಣಿ ಒಂದೇ ದೋಣಿಯಲ್ಲಿ ನೀರು ಕುಡಿಯುತ್ತವೆ. ಇಲ್ಲಿ ನಾವು ಅಂಜಬೇಕಾದ ರೋಗದ ಹೆಸರು ಗ್ಲ್ಯಾಂಡರ್ಸ್. ಕೆಲವು ವರ್ಷ ದೇಶದಲ್ಲಿ ಕಾಣಿಸದೆ ಇದ್ದ ಈ ರೋಗ 2006ರಲ್ಲಿ ನೆರೆಯ ಮಹಾರಾಷ್ಟ್ರದ ಪುಣೆ, ಪಂಚಗಣಿಯಲ್ಲಿ ಮತ್ತೆ ತಲೆಯೆತ್ತಿತು. ಆಮೇಲೆ ಹಲವು ರಾಜ್ಯಗಳಲ್ಲಿ ಕಂಡಿತು.

ಗುರುತು ಹೀಗಿವೆ. ಮೂಗಿನಿಂದ ಅಂಟಂಟಾದ ಹಳದಿ ಸಿಂಬಳ ಸುರಿಯುತ್ತದೆ, ಎಷ್ಟೋ ಸಲ ಒಂದೇ ಹೊಳ್ಳೆಯಿಂದ. ಮೂಗಿನ ಒಳಗೆ ಹುಣ್ಣಾಗುತ್ತವೆ. ಕಾಲಿನ ಮೇಲೆ, ಪಕ್ಕೆಯ ಮೇಲೆ ಮಣಿ ಪೋಣಿಸಿದ ಹಾಗೆ ಸಾಲು ಗಂಟುಗಳೆದ್ದು ಒಡೆದು ಜೇನಿನಂಥ ಕೀವು ಬರುತ್ತದೆ. ಜ್ವರ, ಕೆಮ್ಮು ಬಂದು ಪ್ರಾಣಿ ಸೊರಗುತ್ತದೆ. ಕೆಲವು ಪ್ರಾಣಿಗಳು ಮೇಲೆ ಗಟ್ಟಿಮುಟ್ಟಾಗಿ ಕಂಡರೂ ಒಳಗೆ ರೋಗ ಇಟ್ಟುಕೊಂಡು ತಿಂಗಳುಗಟ್ಟಲೆ ಹರಡುತ್ತವೆ. ಆದ್ದರಿಂದ ಕಣ್ಣಳತೆ ಸಾಲದು, ರಕ್ತ ಪರೀಕ್ಷೆಯೇ ಆಗಬೇಕು. ಕಡೆಯ ತೀರ್ಮಾನ ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದ್ದು.

ಈ ರೋಗ ಆಕಳು, ಎತ್ತು, ಎಮ್ಮೆಗಳಿಗೆ ಹತ್ತುವುದಿಲ್ಲ. ಆದರೆ ಮನುಷ್ಯರಿಗೆ ಹತ್ತುತ್ತದೆ! ಕೈಯ ಗಾಯಕ್ಕೆ ಕೀವು ತಗಲಿದರೂ ಸಾಕು, ಸಿಂಬಳದ ಹನಿ ಕಣ್ಣು ಮೂಗಿಗೆ ಸಿಡಿದರೂ ಸಾಕು. ಸಕಾಲಕ್ಕೆ ಔಷಧ ಸಿಗದಿದ್ದರೆ ಜೀವಕ್ಕೇ ಅಪಾಯ. ಕುದುರೆಗಾಗಲಿ ಮನುಷ್ಯರಿಗಾಗಲಿ ಇದಕ್ಕೆ ಲಸಿಕೆ ಇಲ್ಲ. ಮೇವು ಹಾಕುವ ಹೆಣ್ಣುಮಕ್ಕಳು, ಮೈ ತಿಕ್ಕುವ ಹುಡುಗರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ಕಠಿಣವಾದ ಮಾತು. ರೋಗ ಖಚಿತವಾದ ಪ್ರಾಣಿಯನ್ನು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಪಶುವೈದ್ಯರು ನೋವಾಗದಂತೆ ಅದರ ಜೀವ ತೆಗೆದು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸುತ್ತಾರೆ. "ಅದನ್ನ ನಂಬಿ ಬದುಕಿದವರು ನಾವು, ತಿಳಿಸಿದರ ಕೊಲ್ತಾರ, ಸುಮ್ಮನಿದ್ದರ ನಾಲ್ಕು ದಿನ ದುಡೀತದ" ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಆ ನಾಲ್ಕು ದಿನದಲ್ಲಿ ಅದು ನಿಮ್ಮ ಇನ್ನೊಂದು ಕತ್ತೆಗೆ, ನೆರೆಯವರ ಕುದುರೆಗೆ, ನಿಮ್ಮ ಮಗನಿಗೆ ರೋಗ ಕೊಟ್ಟಿರುತ್ತದೆ. ಸರಕಾರದ ನಿಯಮದಂತೆ ಕಳೆದುಕೊಂಡ ಪ್ರಾಣಿಗೆ ಪರಿಹಾರ ಉಂಟು. ಮುಚ್ಚಿಟ್ಟು ಸತ್ತ ಪ್ರಾಣಿಗೆ ಏನೂ ಇಲ್ಲ. 2009ರ ಕೇಂದ್ರ ಕಾಯಿದೆಯ ಪ್ರಕಾರ ಇಂಥ ರೋಗದ ಸಂಶಯ ಬಂದೊಡನೆ ತಿಳಿಸುವುದು ಸಾಕಿದವರ ಕರ್ತವ್ಯ, ಪಂಚಾಯತಿಯವರ ಕರ್ತವ್ಯವೂ ಹೌದು. ಜಡ್ಡಿನ ಪ್ರಾಣಿಯನ್ನು ಸಂತೆಗೆ, ಜಾತ್ರೆಗೆ ಹೊಡೆದುಕೊಂಡು ಹೋಗುವುದು ಅಪರಾಧ.

ಆದ್ದರಿಂದ ಈ ಐದು ಮಾತು ನೆನಪಿಡಿರಿ.

1. ಕೊಳ್ಳುವ ಮೊದಲು ಗ್ಲ್ಯಾಂಡರ್ಸ್ ರಕ್ತ ಪರೀಕ್ಷೆಯ ವರದಿ ಮತ್ತು ಸರಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಕೇಳಿರಿ. ತಾರೀಖು ನೋಡಿರಿ, ಹಳೆಯ ಕಾಗದ ನಡೆಯದು.

2. ಕಾಗದದಲ್ಲಿ ಬರೆದ ಪ್ರಾಣಿಯೇ ನಿಮ್ಮ ಮುಂದೆ ನಿಂತಿದೆಯೋ ನೋಡಿರಿ. ನಮ್ಮ ಹಿರಿಯರು ಕುದುರೆಯ ಸುಳಿ ನೋಡುತ್ತಿದ್ದದ್ದು ಶುಭ ಅಶುಭಕ್ಕೆ. ಪರದೇಶಕ್ಕೆ ಹೋಗುವ ಕುದುರೆಯ ಕಾಗದದಲ್ಲೂ ಸುಳಿ ಎಲ್ಲೆಲ್ಲಿವೆ, ಹಣೆಯ ಬಿಳುಪು ಎಂಥದು ಎಂದು ಬರೆಯುತ್ತಾರೆ. ಅದು ಗುರುತಿಗಾಗಿ. ನೀವೂ ಸುಳಿ ನೋಡಿರಿ, ಗುರುತಿಗಾಗಿ ನೋಡಿರಿ.

3. ತಂದ ಪ್ರಾಣಿಯನ್ನು ಕನಿಷ್ಠ 3-4 ವಾರ ಬೇರೆ ಕಟ್ಟಿರಿ. ಅದರ ನೀರಿನ ಬಾನಿ, ಮೇವಿನ ಚೀಲ, ತಿಕ್ಕುವ ಬ್ರಷ್, ಹಗ್ಗ ಎಲ್ಲವೂ ಬೇರೆ ಇರಲಿ. ಊರ ದೋಣಿಯಲ್ಲಿ ನೀರು ಕುಡಿಸಬೇಡಿರಿ. ಕುರಿ ಹಿಂಡಿನ ಸಂಗಡ ಬಂದ ಕುದುರೆಗೂ ಬೇರೆ ಬಾನಿಯಲ್ಲಿ ನೀರು ಕೊಡಿರಿ. ಇದು ಅವಮಾನವಲ್ಲ, ಅವರ ಕುದುರೆಗೂ ಕ್ಷೇಮ.

4. ಸಿಂಬಳ, ಗಂಟು, ಹುಣ್ಣು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿರಿ. ಪ್ರಾಣಿಯನ್ನು ಅಲ್ಲೇ ಕಟ್ಟಿ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿರಿ, ಇಲ್ಲವೆ 1962ಕ್ಕೆ ಫೋನು ಮಾಡಿರಿ. ಸಿಂಬಳ ಸುರಿಯುವುದೆಲ್ಲ ಗ್ಲ್ಯಾಂಡರ್ಸ್ ಅಲ್ಲ. ಔಷಧದಿಂದ ವಾಸಿಯಾಗುವ ಬೇರೆ ಜಡ್ಡೂ ಇರಬಹುದು. ಅದನ್ನು ಹೇಳಬೇಕಾದವರು ಡಾಕ್ಟರು.

5. ಸತ್ತ ಕುದುರೆ, ಕತ್ತೆಯನ್ನು ಹಳ್ಳಕ್ಕೆ ಎಸೆಯಬೇಡಿರಿ. ಆ ಮಾಂಸ ತಿಂದ ನಾಯಿಗೂ ರೋಗ ಬರಬಹುದು.

ಕಾಗದ ಕೇಳಿದರೆ ಮಾರುವವನು ಸಿಟ್ಟಾದಾನು. ಆಗಲಿ. ಬೀಜ ಕೊಳ್ಳುವಾಗ ಚೀಲದ ಚೀಟಿ ನೋಡುತ್ತೀರಿ, ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೀರಿ. ಕುದುರೆ ಕೊಳ್ಳುವಾಗ ರಕ್ತದ ಕಾಗದ ಕೇಳುವುದೂ ಅಷ್ಟೇ ರೂಢಿಯಾಗಬೇಕು. ನಾಳೆ ಮಾರುವ ಸರದಿ ನಿಮ್ಮದಾದಾಗ ಅದೇ ಕಾಗದ ನಿಮ್ಮ ಕುದುರೆಗೆ ಬೆಲೆ ತಂದುಕೊಡುತ್ತದೆ.

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ. ಕೇಳಿದ್ದನ್ನು ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿಗೆ ತಿಳಿಸಿರಿ.