ಅಂಗಳದ ದೊಡ್ಡಪತ್ರೆ, ಪೇಟೆಯ ಓರೆಗಾನೋ



ಈ ಹೊತ್ತು ನಾನು ಮಾತನಾಡಲು ಆರಿಸಿಕೊಂಡಿರುವುದು ಒಂದು ಸೊಪ್ಪಿನ ವಿಷಯ. ಹಿಂದೂಪುರಕ್ಕೋ ಬೆಂಗಳೂರಿಗೋ ಹೋಗಿಬರುವ ಮಕ್ಕಳು ಪಿಜ್ಜಾದ ಜೊತೆಗೆ ಒಂದು ಸಣ್ಣ ಪೊಟ್ಟಣ ತರುತ್ತಾರೆ. ಅದರೊಳಗಿನ ಒಣ ಎಲೆಯ ಪುಡಿಗೆ ಓರೆಗಾನೋ ಎಂದು ಹೆಸರು. ಅದನ್ನು ಮನೆಯಲ್ಲೇ ಬೆಳೆಯಬಹುದೇ ಎಂದು ಕೇಳುತ್ತಾರೆ. ಬೆಳೆಯಬಹುದು. ಆದರೆ ಆ ಹೆಸರಿನಲ್ಲಿ ಬೇರೆ ಬೇರೆ ಗಿಡಗಳು ಮಾರಾಟವಾಗುತ್ತವೆ. ಯಾವುದು ನಮ್ಮ ಮಣ್ಣಿಗೆ, ನಮ್ಮ ನೀರಿಗೆ ಒಗ್ಗುತ್ತದೆ ಎಂದು ತಿಳಿದು ಆರಿಸಬೇಕು.

ಮೊದಲನೆಯದು ನಿಜವಾದ ಓರೆಗಾನೋ. ಇದು ತುಳಸಿ, ಪುದೀನಗಳ ಕುಟುಂಬಕ್ಕೆ ಸೇರಿದ್ದು. ನಮ್ಮ ದೇಶದಲ್ಲಿ ಕಾಶ್ಮೀರ, ಹಿಮಾಚಲದ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತದೆ. ಇದರಲ್ಲೂ ಗ್ರೀಸ್ ದೇಶದ ತಳಿಗೆ ಬಿಳಿ ಹೂವು, ಖಾರವಾದ ಘಾಟು. ಅಡುಗೆಗೆ ಅದೇ ಮೇಲು. ನೇರಳೆ ಗುಲಾಬಿ ಹೂವಿನ ಸಾಮಾನ್ಯ ತಳಿ ನೋಡಲು ಚೆಂದ, ರುಚಿ ಸಪ್ಪೆ. ಬೀಜ ಧೂಳಿನಷ್ಟು ಸಣ್ಣದು. ಅದನ್ನು ಮಣ್ಣಿನಲ್ಲಿ ಹೂಳಬಾರದು, ಮೇಲೆ ಉದುರಿಸಿ ಮೆಲ್ಲಗೆ ಒತ್ತಬೇಕು. ಕಾರ್ತಿಕದ ತಂಪಿನಲ್ಲಿ ಹಾಕಿದರೆ ಮೊಳೆಯುತ್ತದೆ. ಚೈತ್ರ, ವೈಶಾಖದ ನಮ್ಮ ಬಿಸಿಲಿಗೆ ಮಾತ್ರ ನೆರಳು ಕೊಡದಿದ್ದರೆ ಉಳಿಯುವುದು ಕಷ್ಟ.

ಎರಡನೆಯದು ಇದರ ಸ್ವಂತ ತಂಗಿ, ಅದೇ ಮರುಗ. ತೆಲುಗಿನವರು ಮರುವಂ ಎನ್ನುತ್ತಾರೆ. ಕನಕಾಂಬರದ ದಂಡೆಯ ನಡುವೆ ಹೆಣ್ಣುಮಕ್ಕಳು ಕಟ್ಟಿ ಮುಡಿಯುವ ಈ ಸೊಪ್ಪೂ ಓರೆಗಾನೋ ಜಾತಿಯದೇ! ವಿದೇಶದಲ್ಲಿ ಇದನ್ನು ಸಾರಿಗೆ, ಪಲ್ಯಕ್ಕೆ ಹಾಕುತ್ತಾರೆ. ಇದರ ವಾಸನೆ ಮೃದು, ರುಚಿ ಸ್ವಲ್ಪ ಸಿಹಿ.

ಮೂರನೆಯದು ನಮ್ಮ ದೊಡ್ಡಪತ್ರೆ. ತೆಲುಗಿನಲ್ಲಿ ವಾಮಾಕು, ತಮಿಳಿನಲ್ಲಿ ಕರ್ಪೂರವಳ್ಳಿ, ಕರಾವಳಿಯಲ್ಲಿ ಸಾಂಬ್ರಾಣಿ ಎಲೆ. ಹೊರದೇಶದವರು ಇದನ್ನೇ ಕ್ಯೂಬದ ಓರೆಗಾನೋ, ಮೆಕ್ಸಿಕೋದ ಪುದೀನ ಎಂದೆಲ್ಲ ಕರೆಯುತ್ತಾರೆ. 1790ರಲ್ಲಿ ಲೊರೇರೋ ಎಂಬ ಪಾದ್ರಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ಇಂಡೋನೇಷ್ಯದ ಅಂಬೋನ್ ದ್ವೀಪದ ಹೆಸರನ್ನು ಸೇರಿಸಿದರು. ವಾಮಾಕು ಎಂದ ಮಾತ್ರಕ್ಕೆ ಇದು ವಾಮು, ಅಂದರೆ ಓಮದ ಗಿಡವಲ್ಲ. ಓಮ ಕೊತ್ತಂಬರಿಯ ಕುಟುಂಬದ್ದು, ಅದರ ಎಲೆ ಸಣ್ಣಗೆ ಸೀಳಿರುತ್ತದೆ. ಥೈಮಾಲ್, ಕಾರ್ವಕ್ರಾಲ್ ಎಂಬ ಹತ್ತಿರದ ಪದಾರ್ಥಗಳಿಂದಾಗಿ ಓಮ, ದೊಡ್ಡಪತ್ರೆ, ಓರೆಗಾನೋಗಳ ವಾಸನೆ ಒಂದನ್ನೊಂದು ಹೋಲುತ್ತದೆ, ಅಷ್ಟೆ.

ಬ್ಯಾಂಕಿನಲ್ಲಿ ನಾವು ಹೆಸರು ನೋಡಿ ಹಣ ಕೊಡುತ್ತಿರಲಿಲ್ಲ, ಸಹಿ ತಾಳೆ ನೋಡುತ್ತಿದ್ದೆವು. ಗಿಡಕ್ಕೆ ವಾಸನೆಯೇ ಸಹಿ. ನರ್ಸರಿಯಲ್ಲಿ ಎಲೆಯನ್ನು ಉಜ್ಜಿ ಮೂಸಿ ನೋಡಿ ಕೊಳ್ಳಿ. ದೊಡ್ಡಪತ್ರೆಯಲ್ಲಿ ಪೂರ್ತಿ ಹಸಿರಿನದು ಅಡುಗೆಗೆ ಉತ್ತಮ, ಬೇಗ ಹಬ್ಬುತ್ತದೆ. ಬಿಳಿ ಅಂಚಿನದು ಅಂದಕ್ಕೆ ಚೆನ್ನ, ಬೆಳವಣಿಗೆ ನಿಧಾನ. ವಿಕ್ಸ್ ಗಿಡವೆಂದು ಮಾರುವ ಸಣ್ಣ ದಪ್ಪ ಎಲೆಯ ಇನ್ನೊಂದು ಗಿಡವಿದೆ. ಅದನ್ನು ವಾಸನೆಗಾಗಿ ಇಟ್ಟುಕೊಳ್ಳಿ, ಅಡುಗೆಗೆ ಬೇಡ.

ನಮ್ಮದು ಮಳೆ ಕಡಿಮೆಯ ಸೀಮೆ. ಕೊಡ ನೀರಿಗೆ ಕಾಯುವ ಮನೆಯಲ್ಲಿ ಗಿಡಕ್ಕೆಷ್ಟು ಸುರಿಯಲಾದೀತು? ದೊಡ್ಡಪತ್ರೆ ತನ್ನ ದಪ್ಪ ಎಲೆಯಲ್ಲೇ ನೀರು ಕೂಡಿಡುತ್ತದೆ. ಗೇಣುದ್ದದ ಕಡ್ಡಿ ಮುರಿದು, ಕೆಳಗಿನ ಎಲೆ ತೆಗೆದು, ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿದ ಕುಂಡದಲ್ಲಿ ನೆಡಿ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ. ಕುಂಡದ ತಳದಲ್ಲಿ ತೂತಿರಲಿ. ಮೇಲ್ಮಣ್ಣು ಒಣಗಿದ ಮೇಲೆ ನೀರು ಹಾಕಿ. ಇದು ಬಾಯಾರಿ ಸಾಯುವುದಕ್ಕಿಂತ ನೀರು ಹೆಚ್ಚಾಗಿ ಕೊಳೆತು ಸಾಯುವುದೇ ಹೆಚ್ಚು. ಬೆಳಗಿನ ಬಿಸಿಲು ಸಾಕು.

ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡಬಹುದು. ಜೀರಿಗೆ, ಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಚಟ್ನಿ ಅರೆದರೆ ಮುದ್ದೆಗೂ ಸೈ.

ತಾಯಂದಿರಿಗೆ ಒಂದು ಮಾತು. ಕೆಮ್ಮಿಗೆಂದು ಎಲೆಯ ರಸಕ್ಕೆ ಜೇನು ಬೆರೆಸಿ ಕುಡಿಸುವ ರೂಢಿ ನಮ್ಮಲ್ಲಿದೆ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಸೂಕ್ಷ್ಮಜೀವಿ ಎಳೆಯ ಕರುಳಿನಲ್ಲಿ ವಿಷವಾಗುತ್ತದೆ. ಕೂಸಿಗೆ ಏದುಸಿರು ಬಂದರೆ, ಪಕ್ಕೆ ಒಳಕ್ಕೆ ಎಳೆದರೆ, ಸೊಪ್ಪು ಹುಡುಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಪೇಟೆಯ ಓರೆಗಾನೋ ಬೇಕೆನ್ನುವವರು ಒಂದು ಕುಂಡದಲ್ಲಿ ಹಾಕಿ ನೋಡಲಿ. ಆದರೆ ಮೊದಲ ಕುಂಡ ದೊಡ್ಡಪತ್ರೆಯದಾಗಿರಲಿ, ಎರಡನೆಯದು ಮರುಗದ್ದು. ನೆರೆಯವರಿಗೆ ಕಡ್ಡಿ ಮುರಿದುಕೊಡುವಾಗ ವಾಮಾಕು ಎಂದೂ ಹೇಳಿ, ದೊಡ್ಡಪತ್ರೆ ಎಂದೂ ಹೇಳಿ. ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದುವ ನಮ್ಮ ಮೊಮ್ಮಕ್ಕಳಿಗೆ ಇಂಥ ಹೆಸರುಗಳು ಸಿಗುವುದು ಮನೆಯ ಅಂಗಳದಲ್ಲೇ.